ಹತ್ತಡಿ ತೊಟ್ಟಿಗೆ ಮೂವತ್ತಡಿ ಪಟ್ಟಿ

ನನಗೆ ತಾನಾಗಿ ಕೋಪ ಬರುವುದಿಲ್ಲ. ಜನ ಬರಿಸುತ್ತಾರೆ. ಈ ಸಲ ಬರಿಸಿದ್ದು ಜನವೂ ಅಲ್ಲ, ಆರನೇ ತರಗತಿಯ ಗಣಿತದ ಪುಸ್ತಕ, ಪುಟ ನಲವತ್ತೊಂದು.

ನಾನು ಬಡಗಿ. ಮನೆಯ ಮುಂದಿನ ಕೋಣೆಯೇ ನನ್ನ ಕೆಲಸದ ಜಾಗ. ಅವತ್ತು ಮಗಳು ಕೆಲಸದ ಮೇಜಿನ ಒಂದು ತುದಿಯಲ್ಲಿ ಕೂತು ಮನೆಪಾಠ ಬರೆಯುತ್ತಿದ್ದಳು. ಇನ್ನೊಂದು ತುದಿಯಲ್ಲಿ ನಾನು ಕುರ್ಚಿಯ ಕಾಲಿಗೆ ಉಳಿ ಹಿಡಿದು ನಿಂತಿದ್ದೆ. ಅವಳು ಗಟ್ಟಿಯಾಗಿ ಓದಿದಳು: ಒಬ್ಬ ವ್ಯಾಪಾರಿಯು ನಲವತ್ತು ಲೀಟರ್ ಹಾಲಿಗೆ ಎಂಟು ಲೀಟರ್ ನೀರು ಬೆರೆಸುತ್ತಾನೆ. ಮಿಶ್ರಣದಲ್ಲಿ ನೀರಿನ ಪಾಲು ಎಷ್ಟು?

ಉಳಿ ಕೆಳಗಿಟ್ಟೆ.

"ಇನ್ನೊಂದು ಸಲ ಓದು."

ಓದಿದಳು.

"ಅವನನ್ನ ಪೊಲೀಸರು ಹಿಡಿದ್ರಾ?"

"ಅದು ಪುಸ್ತಕದಲ್ಲಿ ಇಲ್ಲಪ್ಪ."

"ಪಶ್ಚಾತ್ತಾಪನಾದ್ರೂ ಪಟ್ಟನಾ?"

"ಇಲ್ಲ. ಮುಂದಿನ ಲೆಕ್ಕದಲ್ಲಿ ಇನ್ನೂ ನಾಲ್ಕು ಲೀಟರ್ ಹಾಕ್ತಾನೆ."

ಮಾರನೆಯ ಬೆಳಿಗ್ಗೆ ಮರದ ಪುಡಿ ಕೊಡವಿಕೊಂಡು, ಭಾನುವಾರದ ಅಂಗಿ ಹಾಕಿಕೊಂಡು ಶಾಲೆಗೆ ಹೋದೆ. ಮಗಳು ಬೇಡ ಬೇಡ ಎನ್ನುತ್ತ ಹಿಂದೆಯೇ ಬಂದಳು. ಗಣಿತದ ಟೀಚರು ಆಗಲೇ ತರಗತಿಯಲ್ಲಿದ್ದರು. ಸಣ್ಣ ಆಳು, ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಸೀಮೆಸುಣ್ಣ.

"ನಾವು ಯೇಸುಸ್ವಾಮಿಯನ್ನ ನಂಬಿದ ಜನ," ಎಂದೆ. "ನಮ್ಮ ಮಕ್ಕಳಿಗೆ ಹಾಲಿಗೆ ನೀರು ಬೆರೆಸೋದು ಕಲಿಸ್ತೀರಾ?"

"ಅದು ಬರೀ ಲೆಕ್ಕ ಸರ್."

"ಬರೀ ಲೆಕ್ಕ! ಕಳ್ಳನೂ ಬರೀ ಬೀಗ ಅಂತಾನೆ!"

ಟೀಚರು ಸೀಮೆಸುಣ್ಣವನ್ನು ನನ್ನ ಕಡೆ ಚಾಚಿದರು. "ಸರಿ, ನೀರಿನ ಪಾಲು ಎಷ್ಟು ಅಂತ ಬರೆದುಬಿಡಿ. ಪಾಪದ ವಿಷಯ ಆಮೇಲೆ ಮಾತಾಡೋಣ."

ಬೋರ್ಡಿನ ಮುಂದೆ ನಿಂತೆ. ನಾನು ಹಳ್ಳಿಯ ಶಾಲೆಯಲ್ಲಿ ಐದನೆಯದರವರೆಗೆ ಓದಿದವನು. ಅಲ್ಲಿ ಹಾಲಿಗೆ ನೀರು ಬೆರೆಸುವ ಹಂತಕ್ಕೆ ನಮ್ಮನ್ನು ಕರೆದೊಯ್ದಿರಲಿಲ್ಲ. ನಲವತ್ತು ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು.

"ನೀರಿನ ಪಾಲು ಸೊನ್ನೆ ಇರಬೇಕು!" ಎಂದು ಗುಡುಗಿದೆ. "ಅದೇ ಉತ್ತರ!"

ಮೂವತ್ತೊಂಬತ್ತು ಮಕ್ಕಳು ನಕ್ಕರು. ನಲವತ್ತನೆಯದು ನನ್ನ ಮಗಳು. ಅವಳು ಬೆಂಚಿನ ಕೆಳಗೆ ಬಿದ್ದಿರದ ಪೆನ್ಸಿಲ್ ಹುಡುಕುತ್ತಿದ್ದಳು.

"ಇವತ್ತಿಂದ ನನ್ನ ಮಗಳಿಗೆ ಲೆಕ್ಕ ನಾನೇ ಹೇಳಿಕೊಡ್ತೀನಿ. ಮನೆಯಲ್ಲಿ. ಕ್ರೈಸ್ತ ರೀತಿಯಲ್ಲಿ!"

ಟೀಚರು ಕಪಾಟಿನಿಂದ ಒಂದು ಫಾರಂ ತೆಗೆದರು. ಅಂಥ ಫಾರಂ ಇರುತ್ತದೆಂದು ನನಗೆ ಗೊತ್ತಿದ್ದರೆ ಆ ಮಾತು ಅಷ್ಟು ಜೋರಾಗಿ ಆಡುತ್ತಿರಲಿಲ್ಲವೇನೋ. "ಇಲ್ಲಿ ಸಹಿ ಮಾಡಿ. ಒಂದು ತಿಂಗಳು ಬಿಟ್ಟು ಶಿಕ್ಷಣ ಕಚೇರಿಯ ಅಧಿಕಾರಿ ಬಂದು ಹುಡುಗಿಯನ್ನ ಪರೀಕ್ಷೆ ಮಾಡ್ತಾರೆ. ತೇರ್ಗಡೆ ಆದ್ರೆ ಏಳನೇ ತರಗತಿ. ಇಲ್ಲಾಂದ್ರೆ ಆರನೆಯದೇ, ಮೊದಲಿಂದ."

ಸಹಿ ಹಾಕಿ, ಮಗಳನ್ನು ಕರಕೊಂಡು ಮನೆಗೆ ಹೊರಟೆ. ಬೇಕರಿಯ ಮುಂದೆ ಬಂದಾಗ ನಿಂತಳು. ಬೇಕರಿಯವನ ಮಗಳು ಅವಳ ಜೀವದ ಗೆಳತಿ, ಒಂದೇ ಬೆಂಚು.

"ಅವಳು ಏಳಕ್ಕೆ ಹೋಗ್ತಾಳೆ. ನಾನು ಚಿಕ್ಕ ಮಕ್ಕಳ ಜತೆ ಮತ್ತೆ ಆರರಲ್ಲಿ ಕೂರಬೇಕಾಪ್ಪ?"

"ಅಪ್ಪನ ಮೇಲೆ ನಂಬಿಕೆ ಇಡು."

"ದೇವರ ಮೇಲೆ ಇಡ್ತೀನಿ," ಎಂದಳು. ಉತ್ತರ ಧಾರ್ಮಿಕವಾಗಿದ್ದರಿಂದ ಬಯ್ಯಲಾಗಲಿಲ್ಲ.

ಮನೆಯಲ್ಲಿ ವಿಷಯ ಕೇಳಿ ನನ್ನಾಕೆ ಪಾತ್ರೆ ತೊಳೆಯುತ್ತಿದ್ದ ಕೈ ನಿಲ್ಲಿಸಿದಳು. "ರೀ, ನಿಮಗೆ ಲೆಕ್ಕ ಬರುತ್ತಾ?"

"ಇಪ್ಪತ್ತೆರಡು ವರ್ಷದಿಂದ ಬಡಗಿ ಕೆಲಸ ಮಾಡ್ತಿದೀನಿ. ನಮ್ಮ ಸ್ವಾಮಿ ಮಾಡಿದ ಕೆಲಸ."

"ಅವರು ಮಾಡಿದ ಕುರ್ಚಿ ಅಲ್ಲಾಡ್ತಿತ್ತು ಅಂತ ಎಲ್ಲೂ ಬರೆದಿಲ್ಲವಲ್ಲ," ಎಂದು ಮತ್ತೆ ಪಾತ್ರೆಗೆ ಕೈ ಹಾಕಿದಳು.

ನಾನು ಪ್ಲೈವುಡ್ಡಿಗೆ ಕಪ್ಪು ಬಣ್ಣ ಬಳಿದು ಬೋರ್ಡು ಮಾಡಿದೆ. ಗಣಿತದ ಪುಸ್ತಕವನ್ನು ಅಲ್ಲಾಡುವ ಮೇಜಿನ ಕಾಲಿನ ಕೆಳಗೆ ಇಟ್ಟೆ. ಸತ್ಯವೇದವನ್ನು ಮೇಜಿನ ಮೇಲೆ ಇಟ್ಟೆ. ಮೊದಲು ಪ್ರಾರ್ಥನೆ, ಆಮೇಲೆ ಭಾಗಾಕಾರ.

"ಯೇಸುಸ್ವಾಮಿ ಹಂಚಿದ ರೊಟ್ಟಿ ಐದು. ಜನ ಐದು ಸಾವಿರ. ಒಬ್ಬೊಬ್ಬರಿಗೆ ಎಷ್ಟು?"

ಮಗಳು ಬರೆದಳು. "ಒಂದು ರೊಟ್ಟಿಯನ್ನ ಸಾವಿರ ತುಂಡು ಮಾಡಿದ್ರೆ ಅದರಲ್ಲಿ ಒಂದು ತುಂಡು."

"ತಪ್ಪು! ಎಲ್ಲರಿಗೂ ಹೊಟ್ಟೆ ತುಂಬ."

"ಶೇಷ?"

"ಹನ್ನೆರಡು ಬುಟ್ಟಿ."

"ಅಪ್ಪಾ, ಐದನ್ನ ಭಾಗಿಸಿದ್ರೆ ಶೇಷ ಐದಕ್ಕಿಂತ ಜಾಸ್ತಿ ಬರಲ್ಲ."

"ಅವರ ಲೆಕ್ಕದಲ್ಲಿ ಬರಲ್ಲ. ನಮ್ಮ ಲೆಕ್ಕದಲ್ಲಿ ಬರುತ್ತೆ. ಬರಕೋ!"

ಕಿಟಕಿಯಿಂದ ಬೇಕರಿಯವನು ತಲೆ ಹಾಕಿದ. "ಮೇಸ್ತ್ರಿ, ಈ ಭಾಗಾಕಾರ ನನಗೂ ಹೇಳಿಕೊಡಿ. ಹಿಟ್ಟು ತರೋದೇ ತಪ್ಪುತ್ತೆ."

ಮಾರನೆಯ ದಿನ ವ್ಯವಕಲನ. "ನೂರು ಕುರಿಯಲ್ಲಿ ಒಂದು ತಪ್ಪಿಸಿಕೊಂಡರೆ ಉಳಿದದ್ದು ಎಷ್ಟು?"

"ತೊಂಬತ್ತೊಂಬತ್ತು."

"ತಪ್ಪು! ಹೋಗಿ ಹುಡುಕಬೇಕು. ಸಿಗೋವರೆಗೂ ಲೆಕ್ಕ ಮುಗಿದಿಲ್ಲ."

"ಸಿಗದಿದ್ರೆ?"

"ಅವಿಶ್ವಾಸಿಯ ಹಾಗೆ ಮಾತಾಡಬೇಡ!"

ಆಮೇಲೆ ಗುಣಾಕಾರ. ಎಪ್ಪತ್ತನ್ನು ಏಳರಿಂದ ಗುಣಿಸಿದರೆ ನಾನ್ನೂರ ತೊಂಬತ್ತು, ಸತ್ಯವೇದದ ಪ್ರಕಾರ ಸಹೋದರನನ್ನು ಕ್ಷಮಿಸಬೇಕಾದಷ್ಟು ಸಲ. ಇದೊಂದು ಲೆಕ್ಕ ಶಾಲೆಯ ಲೆಕ್ಕಕ್ಕೂ ತಾಳೆಯಾಯಿತು. ಆದರೆ ಅದರಿಂದ ನನಗೇನೂ ಲಾಭವಾಗಲಿಲ್ಲ. ತಾಯಿ ಮಗಳು ಸೇರಿ ಅಡಿಗೆಮನೆಯ ಗೋಡೆಯ ಮೇಲೆ ಗೀಟು ಹಾಕತೊಡಗಿದರು. ನಾನು ಒಂದು ಸಲ ಕಿರುಚಿದರೆ ಒಂದು ಗೀಟು. ಎರಡನೇ ವಾರಕ್ಕೆ ಇನ್ನೂರು ದಾಟಿತ್ತು. "ಸ್ವಲ್ಪ ನಿಧಾನ ಮಾಡಿ," ಎಂದಳು ನನ್ನಾಕೆ, "ಈ ವೇಗದಲ್ಲಿ ತಿಂಗಳು ಮುಗಿಯೋದ್ರೊಳಗೆ ಕ್ಷಮೆ ಮುಗಿದುಹೋಗುತ್ತೆ."

ಆದರೆ ಊರಿನಲ್ಲಿ ನನ್ನ ಹೆಸರು ಏರುತ್ತಿತ್ತು. ಭಾನುವಾರ ಪಾಸ್ಟರು ಪ್ರಸಂಗಪೀಠದಿಂದಲೇ, "ನಮ್ಮ ಬಡಗಿ ಸಹೋದರರು ಗಣಿತವನ್ನು ದೇವರ ಪಾದಕ್ಕೆ ತಂದಿದ್ದಾರೆ," ಎಂದರು. ಸಭೆಯ ಹಿರಿಯರಾದ ನಿವೃತ್ತ ಪೋಸ್ಟ್‌ಮಾಸ್ಟರು ನನ್ನ ಕೈ ಕುಲುಕಿದರು. ಅವರು ಹೊಸ ಅಂಚೆಚೀಟಿಯನ್ನೇ ಸಂಶಯದಿಂದ ನೋಡಿದವರು. ಆ ಕೈಗೆ ಬೆಲೆ ಇತ್ತು.

ಆಗ ಬಂತು ತೊಟ್ಟಿಯ ಕೆಲಸ.

ಚರ್ಚಿನ ಹಿಂದೆ ದೀಕ್ಷಾಸ್ನಾನಕ್ಕೆ ಒಂದು ದುಂಡನೆಯ ಸಿಮೆಂಟ್ ತೊಟ್ಟಿ ಕಟ್ಟಿದ್ದರು. ಕಟ್ಟಿದವನು ನನ್ನಾಕೆಯ ತಮ್ಮ, ಗಾರೆ ಕೆಲಸದವನು. ಮೆಟ್ಟಿಲಿಳಿದು ಎದೆಮಟ್ಟದ ನೀರಿನಲ್ಲಿ ನಿಲ್ಲುವವರು ಜಾರದಂತೆ ಒಳಗೋಡೆಯ ಸುತ್ತ ಹಿಡಿದುಕೊಳ್ಳಲು ಒಂದು ಮರದ ಕೈಪಟ್ಟಿ ಬೇಕೆಂದು ಪಾಸ್ಟರು ನನಗೆ ಹೇಳಿದರು. ಮುಂದಿನ ಭಾನುವಾರ ಏಳು ಮಂದಿಗೆ ದೀಕ್ಷಾಸ್ನಾನ. ಅವರಲ್ಲೊಬ್ಬರು ಎಂಬತ್ತು ದಾಟಿದ ಅಜ್ಜಿ, ಎರಡು ಮಂಡಿಯೂ ಹೇಳಿದ ಮಾತು ಕೇಳುವುದಿಲ್ಲ.

"ಅಡ್ಡಗಲ ಎಷ್ಟು?" ಎಂದು ಭಾವಮೈದುನನನ್ನು ಕೇಳಿದೆ.

"ಸರಿಯಾಗಿ ಹತ್ತಡಿ ಭಾವ."

ನನಗೆ ಮೈ ಜುಮ್ಮೆಂದಿತು. ಅದೇ ವಾರ ನಾನು ಮಗಳಿಗೆ ವೃತ್ತದ ಪಾಠಕ್ಕೆಂದು ಸತ್ಯವೇದ ತಿರುವಿ ಹುಡುಕಿ ಇಟ್ಟಿದ್ದೆ. ಜ್ಞಾನಿ ರಾಜ ದೇವಾಲಯಕ್ಕೆ ಎರಕ ಹೊಯ್ಯಿಸಿದ ದುಂಡನೆಯ ನೀರಿನ ಪಾತ್ರೆ ಅಂಚಿನಿಂದ ಅಂಚಿಗೆ ಹತ್ತು ಮೊಳ, ಸುತ್ತಳತೆ ಮೂವತ್ತು ಮೊಳ. ಹತ್ತಕ್ಕೆ ಮೂವತ್ತು. ಮೂರು ಪಟ್ಟು, ಚಿಲ್ಲರೆ ಇಲ್ಲ.

"ಶಾಲೆಯಲ್ಲಿ ಮೂರು ಪಾಯಿಂಟ್ ಒಂದು ನಾಲ್ಕು ಅಂತಾರಪ್ಪ," ಎಂದಿದ್ದಳು ಮಗಳು. "ಅದರ ಮುಂದೆಯೂ ಇದೆ. ಅದು ಮುಗಿಯೋದೇ ಇಲ್ಲ."

"ಮುಗಿಯದ ಲೆಕ್ಕ ಸೋಮಾರಿಗಳ ಲೆಕ್ಕ!"

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಇಪ್ಪತ್ತೆರಡು ವರ್ಷ ನಾನು ದುಂಡು ಕೆಲಸಕ್ಕೆಲ್ಲ ದಾರ ಸುತ್ತಿ ಅಳೆದವನು. ದಾರ ಎಷ್ಟು ಪಟ್ಟು ಎಂದು ಯಾವತ್ತೂ ಕೇಳಿರಲಿಲ್ಲ, ದಾರವೂ ಹೇಳಿರಲಿಲ್ಲ. ಈ ಸಲ ದಾರವನ್ನು ಮೊಳೆಯ ಡಬ್ಬಿಗೆ ಎಸೆದೆ. ನಂಬಿಕೆಯಿದ್ದವನಿಗೆ ದಾರ ಯಾಕೆ? ಒಳ್ಳೆಯ ಮರದಲ್ಲಿ ಮೂರಡಿಯ ಹತ್ತು ಪಟ್ಟಿ ಕತ್ತರಿಸಿ, ನೆನೆಸಿ, ಬಗ್ಗಿಸಿ, ಒಣಗಿಸಿದೆ. ಮಗಳು ಬಾಗಿಲಲ್ಲಿ ನಿಂತು, "ಅಪ್ಪಾ, ಒಂದು ಪಟ್ಟಿ ಜಾಸ್ತಿ ಮಾಡಿಟ್ಕೋ," ಎಂದಳು. ಗೋಡೆಯ ಮೇಲೆ ಒಂದು ಗೀಟು ಜಾಸ್ತಿಯಾಯಿತು.

ಶುಕ್ರವಾರ ಮಧ್ಯಾಹ್ನ ನೀರಿಲ್ಲದ ತೊಟ್ಟಿಗೆ ಇಳಿದು ಪಟ್ಟಿಗಳನ್ನು ಗೋಡೆಗೆ ಒತ್ತಿ ತಾತ್ಕಾಲಿಕವಾಗಿ ಮೊಳೆ ಹೊಡೆಯುತ್ತ ಬಂದೆ. ಒಂದು, ಎರಡು, ಮೂರು. ಪಾಸ್ಟರು, ಪೋಸ್ಟ್‌ಮಾಸ್ಟರು, ಬೇಕರಿಯವನು, ಅಜ್ಜಿ, ಎಲ್ಲರೂ ಮೇಲೆ ನಿಂತು ನೋಡುತ್ತಿದ್ದರು. ಒಂಬತ್ತು, ಹತ್ತು. ಪಟ್ಟಿ ಮುಗಿಯಿತು. ಗೋಡೆ ಮುಗಿಯಲಿಲ್ಲ. ಹದಿನೇಳು ಇಂಚು ಬೋಳು ಸಿಮೆಂಟು ನನ್ನನ್ನೇ ನೋಡುತ್ತಿತ್ತು.

"ತೊಟ್ಟಿ ಸೊಟ್ಟ!" ಎಂದೆ ತಕ್ಷಣ.

ಭಾವಮೈದುನ ಕರಣೆ ಹಿಡಿದುಕೊಂಡೇ ಕೆಳಗಿಳಿದ. ಟೇಪು ಹಿಡಿದು ಹಾಗೆ ಅಳೆದ, ಹೀಗೆ ಅಳೆದ, ಮೂಲೆಯಿಲ್ಲದ ತೊಟ್ಟಿಗೆ ಎಷ್ಟು ಕಡೆಯಿಂದ ಅಳೆಯಬಹುದೋ ಅಷ್ಟೂ ಕಡೆಯಿಂದ ಅಳೆದ. ಎಲ್ಲ ಕಡೆ ಹತ್ತಡಿ.

"ಭಾವಾ, ನನ್ನ ತೊಟ್ಟಿ ದುಂಡಗೇ ಇದೆ. ನಿಮ್ಮ ತಲೆ ಚೌಕ."

"ಸತ್ಯವೇದದಲ್ಲಿ ಹತ್ತಕ್ಕೆ ಮೂವತ್ತು ಅಂತಿದೆ! ನಿನ್ನ ತೊಟ್ಟಿ ಅವಿಶ್ವಾಸಿ ತೊಟ್ಟಿ!"

ಪೋಸ್ಟ್‌ಮಾಸ್ಟರು ಕೋಲು ನೆಲಕ್ಕೆ ಕುಟ್ಟಿದರು. "ಬಡಗಿ ಹೇಳೋದೇ ಸರಿ. ಮೂರು ಅಂದ್ರೆ ಮೂರು. ಚಿಲ್ಲರೆ ಸೇರಿಸೋದು ಈಗಿನ ಕಾಲದವರ ಚಾಳಿ. ತೊಟ್ಟಿ ಒಡೆದು ಚಿಕ್ಕದು ಮಾಡಲಿ."

"ಒಡೀರಿ ನೋಡೋಣ!" ಎಂದು ಭಾವಮೈದುನ ಕರಣೆ ಎತ್ತಿದ.

"ಒಡೆಯೋದು ಬಿಡಿ," ಎಂದ ಬೇಕರಿಯವನು. "ಆ ಸಂದಿಯಲ್ಲಿ ಯಾರಾದ್ರೂ ಜಾರಿದ್ರೆ ಏನು ಹಿಡ್ಕೋಬೇಕು?"

"ನಾನೇ ಜಾರೋದು," ಎಂದಿತು ಅಜ್ಜಿ. "ಅಲ್ಲೇ ಜಾರ್ತೀನಿ. ನನಗೆ ಗೊತ್ತು."

ಎಲ್ಲರೂ ಪಾಸ್ಟರ ಕಡೆ ತಿರುಗಿದರು. ಪಾಸ್ಟರ ಹಣೆಯ ಮೇಲೆ ಬೆವರು ಮೂಡಿತ್ತು. ಸತ್ಯವೇದ ತಪ್ಪೆಂದರೆ ಕೆಲಸ ಹೋಗುತ್ತದೆ. ಪಟ್ಟಿ ಸರಿಯೆಂದರೆ ಅಜ್ಜಿ ಹೋಗುತ್ತದೆ. "ಸತ್ಯವೇದ ಸರಿ," ಎಂದರು ನಿಧಾನವಾಗಿ. "ತೊಟ್ಟಿಯೂ ಸರಿ. ಪಟ್ಟಿಯೂ ಒಂದು ರೀತಿಯಲ್ಲಿ... ಪ್ರಾರ್ಥನೆ ಮಾಡೋಣ."

ಎಲ್ಲರೂ ಕಣ್ಣು ಮುಚ್ಚಿದರು. ಕಣ್ಣು ಬಿಟ್ಟಾಗ ತೊಟ್ಟಿಯ ಅಂಚಿನಲ್ಲಿ ಒಬ್ಬ ಒಣಕಲು ಮನುಷ್ಯ ಫೈಲು ಹಿಡಿದು ನಿಂತಿದ್ದ. ಹಿಂದೆ ನನ್ನಾಕೆ, ಪಕ್ಕದಲ್ಲಿ ಮಗಳು.

"ಶಿಕ್ಷಣ ಕಚೇರಿಯವರು," ಎಂದಳು ನನ್ನಾಕೆ. "ಮನೆಗೆ ಬಂದಿದ್ರು. ಪಾಠ ಇಲ್ಲಿ ನಡೀತಿದೆ ಅಂತ ಕರಕೊಂಡು ಬಂದೆ."

"ಗಣಿತದ ಬೋಧಕರು ಯಾರು?"

ಹತ್ತು ಬೆರಳು ತೊಟ್ಟಿಯೊಳಗೆ ತೋರಿಸಿದವು. ನಾನು ಸುತ್ತಿಗೆಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

"ಪಠ್ಯಪುಸ್ತಕ?"

ಪಾಸ್ಟರ ಕೈಯಲ್ಲಿದ್ದ ಸತ್ಯವೇದ ತೋರಿಸಿದೆ. ಅವರು ಬರೆದುಕೊಂಡರು. ಗಲಾಟೆ ಏನೆಂದು ಕೇಳಿದರು. ಎಂಟು ಜನ ಒಟ್ಟಿಗೆ ಹೇಳಿದರು. ಅದನ್ನೂ ಬರೆದುಕೊಂಡರು. ಆಮೇಲೆ ಮಗಳ ಕಡೆ ತಿರುಗಿದರು.

"ಪ್ರಶ್ನೆ ಇಲ್ಲೇ ಸಿದ್ಧವಾಗಿದೆ. ಹತ್ತಡಿ ಅಡ್ಡಗಲದ ವೃತ್ತ. ಸುತ್ತಳತೆ ಎಷ್ಟು?"

ಮಗಳು ನನ್ನನ್ನು ನೋಡಿದಳು. ಅಧಿಕಾರಿಯ ಕೈಯ ಕಾಗದ ನೋಡಿದಳು. ಅದರಲ್ಲಿ ಆರು, ಏಳು ಎಂಬ ಎರಡು ಚೌಕಗಳಿದ್ದವು, ಎರಡೂ ಖಾಲಿ.

"ನಮ್ಮಪ್ಪನ್ನ ಸ್ವಲ್ಪ ಆಚೆ ಕಳಿಸ್ತೀರಾ ಸರ್?"

"ಇಲ್ಲ. ಬೋಧಕರು ಹಾಜರಿರಬೇಕು."

"ಹಾಗಾದ್ರೆ ಅವರು ಸುತ್ತಿಗೆ ಕೆಳಗಿಡಲಿ." ನಾನು ಇಟ್ಟೆ. "ಮೂವತ್ತೊಂದು ಅಡಿ, ಹತ್ತಿರ ಹತ್ತಿರ ಐದು ಇಂಚು."

"ಹಾಗಾದ್ರೆ ಸತ್ಯವೇದ ಸುಳ್ಳಾ?" ಎಂದು ನಾನು ಕಿರುಚಿದ್ದು ಸಿಮೆಂಟ್ ತೊಟ್ಟಿಯಲ್ಲಿ ಮೂರು ಸಲ ಕೇಳಿಸಿತು.

"ಇಲ್ಲಪ್ಪ. ನೀನು ಮೂರು ಸಾಲು ಮೊದಲೇ ನಿಲ್ಲಿಸಿದೀಯ." ಪಾಸ್ಟರ ಕೈಯಿಂದ ಪುಸ್ತಕ ತೆಗೆದುಕೊಂಡು ಬೆರಳಿಟ್ಟಳು. "ಕೆಳಗೆ ಪಾತ್ರೆಯ ದಪ್ಪವೂ ಇದೆ, ಒಂದು ಅಂಗೈಯಗಲ. ಅಡ್ಡಗಲವನ್ನ ಹೊರಗಡೆಯಿಂದ, ಸುತ್ತಳತೆಯನ್ನ ಒಳಗಡೆಯಿಂದ ಅಳೆದಿದ್ರೆ ಹತ್ತಿರ ಹತ್ತಿರ ಮೂವತ್ತೇ ಬರುತ್ತೆ. ಮಾಡಿ ನೋಡಿದೀನಿ."

ಪಾಸ್ಟರು ದೀರ್ಘವಾಗಿ ಉಸಿರು ಬಿಟ್ಟು "ಆಮೆನ್" ಎಂದರು. ಅಷ್ಟು ಮನಸ್ಸಿಟ್ಟು ಅವರು ಆ ಮಾತು ಹೇಳಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

"ಸರಿ," ಎಂದರು ಅಧಿಕಾರಿ. "ಈಗ ಇರುವ ಮೂವತ್ತಡಿಯನ್ನ ಏನು ಮಾಡ್ತೀಯ?"

ಅವಳು ನನ್ನ ಕಿವಿಯ ಮೇಲಿನ ಪೆನ್ಸಿಲ್ ಕೇಳಿ ಪಡೆದು ಸಿಮೆಂಟಿನ ಮೇಲೆ ಬರೆದಳು. ಮೂವತ್ತನ್ನು ಮೂರು ಪಾಯಿಂಟ್ ಒಂದು ನಾಲ್ಕರಿಂದ ಭಾಗಿಸಿದಳು. ಬಂದದ್ದನ್ನು ಹತ್ತರಲ್ಲಿ ಕಳೆದಳು. ಅರ್ಧ ಮಾಡಿದಳು. ಹನ್ನೆರಡರಿಂದ ಗುಣಿಸಿದಳು. ಪೋಸ್ಟ್‌ಮಾಸ್ಟರು ಬಗ್ಗಿ ಬಗ್ಗಿ ನೋಡಿ ಕೊನೆಗೆ ಕನ್ನಡಕ ಬೀಳಿಸಿಕೊಂಡರು.

"ಪಟ್ಟಿಯನ್ನ ಗೋಡೆಗೆ ಅಂಟಿಸಬಾರದು. ಗೋಡೆಯಿಂದ ಎರಡೂ ಮುಕ್ಕಾಲು ಇಂಚು ಈಚೆ, ಸುತ್ತಲೂ. ಹಿಂದೆ ಮರದ ತುಂಡು ಕೊಟ್ಟು ನಿಲ್ಲಿಸಿದ್ರೆ ಮೂವತ್ತಕ್ಕೆ ಕೂಡಿಕೊಳ್ಳುತ್ತೆ."

ಭಾವಮೈದುನ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಇಬ್ಬರೂ ಸೇರಿ ಮೊಳೆ ಕಿತ್ತೆವು. ಎರಡೂ ಮುಕ್ಕಾಲು ಇಂಚಿನ ತುಂಡುಗಳನ್ನು ನಾನು ಕೊಯ್ದೆ, ಅವನು ಗೋಡೆಗೆ ಕೂರಿಸಿದ. ಪಟ್ಟಿಗಳನ್ನು ಒಂಚೂರು ಹೆಚ್ಚು ಬಗ್ಗಿಸಿ ಒಂದಕ್ಕೊಂದು ಸೇರಿಸುತ್ತ ಬಂದೆ. ಹತ್ತನೆಯದರ ತುದಿ ಹೋಗಿ ಮೊದಲನೆಯದರ ತುದಿಗೆ ತಾಗಿತು. ಒಂದು ಉಗುರು ತೂರಿಸುವಷ್ಟು ಸಂದಿಯೂ ಇಲ್ಲ.

ಅಜ್ಜಿಯನ್ನು ಇಬ್ಬರು ಹಿಡಿದು ಕೆಳಗಿಳಿಸಿದರು. ಅಜ್ಜಿ ಪಟ್ಟಿಯ ಹಿಂದೆ ಬೆರಳು ತೂರಿಸಿ ಬಿಗಿಯಾಗಿ ಮುಷ್ಟಿ ಕಟ್ಟಿ ಒಂದು ಸುತ್ತು ಬಂದಿತು. "ಮೊದಲು ಗೋಡೆಗೆ ಅಂಟಿಸಿದ್ಯಲ್ಲ, ಬೆರಳು ಎಲ್ಲಿ ತೂರಿಸಬೇಕಿತ್ತೋ ನಾನು?" ಎಂದು ನನ್ನನ್ನು ಕೇಳಿತು. ಉತ್ತರ ಕೊಡುವಷ್ಟು ಬಿಡುವು ನನಗಿರಲಿಲ್ಲ. ಮೊಳೆ ಆರಿಸುವುದಿತ್ತು.

ಅಧಿಕಾರಿ ಏಳರ ಚೌಕದಲ್ಲಿ ಗುರುತು ಹಾಕಿದರು. ನನ್ನಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇದನ್ನೆಲ್ಲ ಯಾರು ಹೇಳಿಕೊಟ್ಟರು?" ಎಂದು ಅಧಿಕಾರಿ ಕೇಳಿದರು.

"ಅಪ್ಪ."

ನಾನು ಎದೆ ಸೆಟೆಸಿದೆ. ಪೋಸ್ಟ್‌ಮಾಸ್ಟರು ಹೆಮ್ಮೆಯಿಂದ ಕೋಲು ಕುಟ್ಟಿದರು.

"ಶಾಲೆಯಲ್ಲಿ ಟೀಚರು ಸರಿಯಾಗಿ ಹೇಳ್ತಿದ್ರು, ಅದಕ್ಕೆ ನಾನು ಏನೂ ಹುಡುಕ್ತಿರಲಿಲ್ಲ. ಅಪ್ಪ ದಿನಾ ತಪ್ಪು ಹೇಳ್ತಿದ್ರು. ಮೇಜಿನ ಕಾಲಿನ ಕೆಳಗಿಂದ ಪುಸ್ತಕ ಎಳೆದು, ನಿಜವಾಗಿ ಎಷ್ಟು ಅಂತ ದಿನಾ ನಾನೇ ನೋಡ್ಕೋಬೇಕಾಗ್ತಿತ್ತು."

ಅಧಿಕಾರಿ ವರದಿಯಲ್ಲಿ ಬರೆದದ್ದನ್ನು ನಾನು ಅವರ ಭುಜದ ಮೇಲಿಂದ ಓದಿದೆ: 'ಬೋಧಕರ ತಪ್ಪುಗಳಿಂದ ವಿದ್ಯಾರ್ಥಿನಿಯ ಗಣಿತ ಗಣನೀಯವಾಗಿ ಸುಧಾರಿಸಿದೆ. ಏಳನೇ ತರಗತಿಯನ್ನೂ ಮನೆಯಲ್ಲೇ ಮುಂದುವರಿಸಲು ಅಡ್ಡಿಯಿಲ್ಲ.' ಸಹಿಗೆಂದು ಇನ್ನೊಂದು ಫಾರಂ ಚಾಚಿದರು, ಜೊತೆಗೆ ಏಳನೆಯ ತರಗತಿಯ ಪುಸ್ತಕ. ತೆರೆದು ನೋಡಿದೆ. ಅಂಕಿಗಳಿರಬೇಕಾದ ಜಾಗದಲ್ಲೆಲ್ಲ ಅಕ್ಷರಗಳು ಕೂತಿದ್ದವು.

"ಅಪ್ಪಾ," ಎಂದಳು ಮಗಳು ಮೆಲ್ಲಗೆ. "ನೀನು ಇನ್ನೊಂದು ವರ್ಷ ಹೇಳಿಕೊಟ್ರೆ ನಾನು ಎಂಟಕ್ಕೂ ತೇರ್ಗಡೆ ಆಗ್ತೀನಿ. ಆದ್ರೆ ನನಗೆ ಸುಸ್ತಾಗಿದೆ. ಶಾಲೆಗೆ ಹೋಗಿ ಸ್ವಲ್ಪ ಸುಧಾರಿಸ್ಕೊಳ್ತೀನಿ."

ಫಾರಂ ಹಿಂದಕ್ಕೆ ಕೊಟ್ಟೆ. ಪೋಸ್ಟ್‌ಮಾಸ್ಟರು ಯಾಕೆಂದು ಕೇಳಿದ್ದಕ್ಕೆ, "ಒಬ್ಬಳಿಗೇ ಹೇಳಿಕೊಟ್ಟರೆ ಸ್ವಾರ್ಥವಾಗುತ್ತೆ, ಅವಳು ಹೋಗಿ ಶಾಲೆಯವರಿಗೂ ಹೇಳಿಕೊಡಲಿ," ಎಂದೆ.

ಹೊಸ ತರಗತಿ ಶುರುವಾದ ದಿನ ನಾನೇ ಮಗಳನ್ನು ಬಿಡಲು ಹೋದೆ. ಅವಳು ಓಡಿಹೋಗಿ ಬೇಕರಿಯವನ ಮಗಳ ಪಕ್ಕ ಕೂತಳು. ಇಬ್ಬರೂ ಕಿಸಕ್ಕನೆ ನಕ್ಕರು, ಯಾಕೆಂದು ದೇವರಿಗೇ ಗೊತ್ತು. ಅದೇ ಟೀಚರು. ನನ್ನನ್ನು ಕಂಡು ನಮಸ್ಕರಿಸಿದರು. ನಾನೂ ನಮಸ್ಕರಿಸಿದೆ. ಜಗಳವಾಡುವ ಉದ್ದೇಶ ನನಗೆ ಖಂಡಿತ ಇರಲಿಲ್ಲ. ಗಾಳಿ ಚೆನ್ನಾಗಿದೆಯೆಂದು ಕಿಟಕಿಯ ಹೊರಗೆ ಸ್ವಲ್ಪ ನಿಂತೆ, ಅಷ್ಟೇ.

ಒಳಗೆ ಟೀಚರು ಓದಿದರು: ಒಂದು ನಲ್ಲಿಯು ತೊಟ್ಟಿಯನ್ನು ಆರು ಗಂಟೆಯಲ್ಲಿ ತುಂಬಿಸುತ್ತದೆ. ತೊಟ್ಟಿಯ ತಳದಲ್ಲಿರುವ ತೂತು ಅದನ್ನು ಒಂಬತ್ತು ಗಂಟೆಯಲ್ಲಿ ಖಾಲಿ ಮಾಡುತ್ತದೆ. ಎರಡೂ ತೆರೆದಿದ್ದರೆ...

"ತೂತು ಇದೆ ಅಂತ ಗೊತ್ತಿದ್ದೂ ನೀರು ಬಿಡ್ತಾರಾ?" ಎಂದೆ ಕಿಟಕಿಯಿಂದ. "ಮೊದಲು ತೂತು ಮುಚ್ಚಬೇಕಲ್ರೀ! ಯಾವನು ಆ ತೊಟ್ಟಿ ಕಟ್ಟಿದೋನು? ಇದನ್ನ ಮಕ್ಕಳಿಗೆ..."

ಮಗಳು ಎದ್ದಳು. ಟೀಚರ ಅಪ್ಪಣೆ ಕೇಳಿದಳು. ಕಿಟಕಿಯ ಬಳಿ ಬಂದು, ನನ್ನ ಮುಖ ನೋಡಿ ಒಂದು ಸಲ ಪ್ರೀತಿಯಿಂದ ನಕ್ಕು, ಕಿಟಕಿಯ ಬಾಗಿಲನ್ನು ನನ್ನ ಮೂಗಿನ ಮುಂದೆ ಎಳೆದುಕೊಂಡು ಚಿಲಕ ಹಾಕಿದಳು.

ಬಾಗಿಲು ಚೌಕಟ್ಟಿಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಒಳಗಿನ ಒಂದು ಮಾತೂ ಹೊರಗೆ ಬರಲಿಲ್ಲ. ಯಾರೋ ಅಳತೆ ಬಲ್ಲ ಬಡಗಿಯ ಕೆಲಸ.